ಕಡ್ಡಿಯ ಇಪ್ಪತ್ತೈದು

ಯಾರಾದರೂ ಇವತ್ತು ಮೂವತ್ತು ಡಿಗ್ರಿ ಸೆಕೆ ಎಂದರೆ ನನ್ನ ತಲೆ ತಾನಾಗಿಯೇ ಇಪ್ಪತ್ತನಾಲ್ಕು ಎಂದುಕೊಳ್ಳುತ್ತದೆ. ಮೂವತ್ತನ್ನು ನಾಲ್ಕರಿಂದ ಗುಣಿಸಿ ಐದರಿಂದ ಭಾಗಿಸಿದರೆ ಬರುವ ಉತ್ತರ ಅದು. ರಿಯೋಮರ್ ಎಂಬ ಹಳೆಯ ಅಳತೆ. ನೀರು ಹೆಪ್ಪುಗಟ್ಟುವಲ್ಲಿ ಸೊನ್ನೆ, ಕುದಿಯುವಲ್ಲಿ ಎಂಬತ್ತು. ಈಗ ಅದನ್ನು ಯಾರೂ ಬಳಸುವುದಿಲ್ಲ. ನನ್ನ ಜೊತೆ ವಿಜ್ಞಾನ ಪಾಠ ಮಾಡಿದ ಮೇಡಂಗಳಲ್ಲೂ ಅದರ ಹೆಸರು ಕೇಳಿದವರು ಕಮ್ಮಿ. ಆ ಲೆಕ್ಕ ಗೊತ್ತಿಲ್ಲದೆ ನಾನೊಂದು ತಪ್ಪು ಮಾಡಿದೆ. ಗೊತ್ತಾದ ಮೇಲೆ ಅದಕ್ಕಿಂತ ದೊಡ್ಡ ತಪ್ಪು ಮಾಡಿದೆ. ಎರಡನ್ನೂ ಇಲ್ಲಿ ಬರೆದಿಡುತ್ತೇನೆ.

ನಾನು ಬೆಳೆದದ್ದು ಯಶವಂತಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಸ್ಟೇಷನ್ನಿನಲ್ಲಿ ಗುಮಾಸ್ತರು. ಎಸ್ಸೆಸ್ಸೆಲ್ಸಿ ಪಾಸಾದ ಮರುವರ್ಷವೇ ಮದುವೆ ಮಾಡಿ, ಯಲಹಂಕಕ್ಕೂ ಬ್ಯಾಟರಾಯನಪುರಕ್ಕೂ ನಡುವಿನ ಒಂದು ಹಳ್ಳಿಗೆ ಕಳಿಸಿದರು. ನಯಾಪೈಸೆ ಬಂದು ಇನ್ನೂ ಹೊಸತು. ಸೇರು ಹೋಗಿ ಕಿಲೋ ಬರುತ್ತದಂತೆ ಎಂದು ಜನ ಗೊಣಗುತ್ತಿದ್ದ ಕಾಲ. ಮದುವೆ ಮಾತುಕತೆಯಲ್ಲಿ ಅಪ್ಪ ಕೇಳಿಕೊಂಡದ್ದು ಒಂದೇ. ಟೀಚರ್ಸ್ ಟ್ರೈನಿಂಗಿಗೆ ಸೀಟು ಸಿಕ್ಕರೆ ಹುಡುಗಿಯನ್ನು ಕಳಿಸಬೇಕು ಎಂದು. ಮಾವ ತಕ್ಷಣ ಒಪ್ಪಿದರು. ಅತ್ತೆ ಒಪ್ಪಿರಲಿಲ್ಲ, ಸುಮ್ಮನಾಗಿದ್ದರು ಅಷ್ಟೇ. "ಇವ್ಳು ಓದಿ ಯಾವ ರಾಜ್ಯ ಆಳ್ಬೇಕು?" ಎಂದು ನನಗೆ ಕೇಳಿಸುವ ಹಾಗೆ ಅಡುಗೆಮನೆಯಲ್ಲಿ ಹೇಳುತ್ತಿದ್ದರು.

ಮನೆಯಲ್ಲಿ ಇನ್ನೊಬ್ಬರಿದ್ದರು, ನನ್ನ ಗಂಡನ ಅಕ್ಕ. ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಹತ್ತೊಂಬತ್ತನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ನಾನು ಕಾಲಿಟ್ಟಾಗ ಮೂವತ್ತು ದಾಟಿದ್ದರು. ಊರಲ್ಲಿ ಮದುವೆ, ನಾಮಕರಣ ಆದರೆ ಅವರು ಹಿತ್ತಿಲ ಕಡೆಯೇ ನಿಲ್ಲಬೇಕು. ಅರಿಶಿನ ಕುಂಕುಮದ ತಟ್ಟೆ ಅವರನ್ನು ದಾಟಿ ಮುಂದೆ ಹೋಗುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಆದರೆ ನಮ್ಮ ಮನೆಯ ಹಿಂದೆ ರೇಷ್ಮೆ ಹುಳ ಸಾಕುವ ಉದ್ದನೆಯ ಕೋಣೆ ಇತ್ತು. ಅದನ್ನು ಹುಳದ ಮನೆ ಎನ್ನುತ್ತಿದ್ದರು. ಅಲ್ಲಿ ಮಾತ್ರ ಅಕ್ಕನೇ ಯಜಮಾನಿ. ಅವರ ಕೈ ಒಳ್ಳೆಯ ಕೈ, ಅವರು ಸೊಪ್ಪು ಹಾಕಿದ ಹುಳ ಗೂಡು ಕಟ್ಟದೆ ಬಿಡದು ಎಂದು ಅತ್ತೆಯೂ ಒಪ್ಪುತ್ತಿದ್ದರು. ಅದರ ಬೀಗದ ಕೈ ಅಕ್ಕನ ಸೊಂಟದಲ್ಲಿರುತ್ತಿತ್ತು. ಅವರಿಗೆ ಅಂತ ಈ ಪ್ರಪಂಚದಲ್ಲಿದ್ದ ಜಾಗ ಅದೊಂದೇ.

ಹುಳದ ಮನೆಗೆ ಮಡಿ ಬಹಳ. ಸ್ನಾನ ಮಾಡದೆ ಒಳಗೆ ಹೋಗುವಂತಿಲ್ಲ. ಒಗ್ಗರಣೆ ಹಾಕಿದ ಕೈಯಲ್ಲಿ ಹುಳದ ತಟ್ಟೆ ಮುಟ್ಟುವಂತಿಲ್ಲ. ಹೊರಗಿನವರು ಬಾಗಿಲಲ್ಲಿ ಇಣುಕಿದರೂ ದೃಷ್ಟಿ. ಎಲ್ಲಕ್ಕಿಂತ ಮುಖ್ಯ, ಮುಟ್ಟಾದ ಹೆಂಗಸು ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಳ್ಳುವ ತನಕ ಆ ಕಡೆ ಸುಳಿಯಬಾರದು. ಹುಳ ಸತ್ತರೆ ಮೊದಲು ಹುಡುಕುವುದು ಅಂಥ ಹೆಂಗಸನ್ನೇ. ವಿಜ್ಞಾನದಲ್ಲಿ ಎಂಬತ್ತೆರಡು ನಂಬರು ತೆಗೆದಿದ್ದ ನನಗೆ ಇದನ್ನು ಕಂಡು ಒಳಗೊಳಗೇ ನಗು ಬರುತ್ತಿತ್ತು.

ಆ ಕೋಣೆಯ ಗೋಡೆಯಲ್ಲಿ ಒಂದು ಹಲಗೆ. ಹಲಗೆಯ ಮೇಲೆ ಹಿತ್ತಾಳೆ ಪಟ್ಟಿ, ಅದರ ಮೇಲೆ ಪಾದರಸದ ಗಾಜಿನ ಕೊಳವೆ. ಮಾವನ ಅಪ್ಪ ಹಿಂದೆ ಇಟಲಿ ದೇಶದಿಂದ ಬಂದಿದ್ದ ಒಬ್ಬ ರೇಷ್ಮೆ ಪಂಡಿತನ ಹತ್ತಿರ ಮೇಸ್ತ್ರಿಯಾಗಿದ್ದರಂತೆ. ಆತ ಊರಿಗೆ ಹೊರಡುವಾಗ ಕೊಟ್ಟು ಹೋದದ್ದು. ಮನೆಯವರೆಲ್ಲ ಅದನ್ನು ಕಡ್ಡಿ ಎನ್ನುತ್ತಿದ್ದರು. ಪಟ್ಟಿಯ ತುದಿಯಲ್ಲಿ ಎಂಬತ್ತು, ಕೆಳಗೆ ಸೊನ್ನೆ, ನೆತ್ತಿಯಲ್ಲಿ ಇಂಗ್ಲಿಷಿನ ಆರ್ ಅಕ್ಷರ. ಇಪ್ಪತ್ತರ ಗೆರೆಗೆ ಒಂದು ಕೆಂಪು ದಾರ ಕಟ್ಟಿತ್ತು. ಚಳಿಗಾಲದಲ್ಲಿ ರೇಷ್ಮೆ ಚಿಟ್ಟೆ ಮೊಟ್ಟೆಯಿಟ್ಟ ಕಾಗದದ ಹಾಳೆ ತಂದಾಗ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹಾಕಿ, ಪಾದರಸ ದಾರದ ಹತ್ತಿರ ನಿಲ್ಲುವ ಹಾಗೆ ನೋಡಿಕೊಳ್ಳುವುದು ಪದ್ಧತಿ. ಯಾಕೆ ಇಪ್ಪತ್ತು ಎಂದು ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ನಾನು ಕೇಳಿದೆ. ನನ್ನ ಗ್ರಹಚಾರ.

ಆ ಮಾಗಿಯಲ್ಲಿ ರೇಷ್ಮೆ ಇಲಾಖೆಯವರು ಹಳ್ಳಿಗೆ ಬಂದು ಒಂದು ಕರಪತ್ರ ಹಂಚಿ ಹೋಗಿದ್ದರು. ಮೊಟ್ಟೆಗೆ ಇಪ್ಪತ್ತೈದು ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು ಎಂದು ಅದರಲ್ಲಿತ್ತು. ಮಾವ ಅದನ್ನು ನನ್ನ ಕೈಗೆ ಕೊಟ್ಟು ಓದಿಸಿದರು. ಮನೆಯಲ್ಲಿ ಓದು ಬಲ್ಲ ಸೊಸೆ ಬಂದಿದ್ದಾಳೆ ಎನ್ನುವ ಹೆಮ್ಮೆ ಅವರಿಗೆ. ನಾನು ಕಡ್ಡಿಯ ಮುಂದೆ ನಿಂತು ಯೋಚಿಸಿದೆ. ನನಗೆ ಗೊತ್ತಿದ್ದದ್ದು ಎರಡೇ ಅಳತೆ, ಫ್ಯಾರನ್‌ಹೀಟ್ ಮತ್ತು ಸೆಂಟಿಗ್ರೇಡ್. ಫ್ಯಾರನ್‌ಹೀಟಿನಲ್ಲಿ ಇಪ್ಪತ್ತು ಎಂದರೆ ನೀರೇ ಕಲ್ಲಾಗುವ ಚಳಿ, ಆದ್ದರಿಂದ ಇದು ಫ್ಯಾರನ್‌ಹೀಟ್ ಅಲ್ಲ. ಹಾಗಾದರೆ ಉಳಿದದ್ದು ಸೆಂಟಿಗ್ರೇಡ್. ಆರ್ ಅಕ್ಷರ ತಯಾರಿಸಿದವನ ಹೆಸರಿರಬೇಕು. ಎಷ್ಟು ಚೊಕ್ಕವಾದ ತರ್ಕ! ಇವತ್ತಿಗೂ ಅದರಲ್ಲಿ ಒಂದು ಕೊಂಡಿ ತಪ್ಪಿದೆ ಎಂದು ಹೇಳಲಾರಿರಿ. ಎರಡೇ ಅಳತೆ ಗೊತ್ತಿದ್ದವಳಿಗೆ ಮೂರನೆಯದೊಂದು ಇರಬಹುದು ಎನ್ನುವ ಅನುಮಾನವೇ ಬರಲಿಲ್ಲ.

"ಮಾವ, ಇಷ್ಟು ವರ್ಷ ನಾವು ಐದು ಡಿಗ್ರಿ ಕಮ್ಮಿ ಇಟ್ಕೊಂಡ್ ಬಂದಿದೀವಿ" ಎಂದೆ.

ಮಾವ ಗಡ್ಡ ಕೆರೆದುಕೊಂಡರು. "ಇಪ್ಪತ್ತರಾಗೇ ಬೆಳೆ ಬಂದೈತಲ್ಲವ್ವ, ನಮ್ಮಪ್ಪನ ಕಾಲದಿಂದ?"

"ಇಪ್ಪತ್ತೈದು ಇಟ್ಟಿದ್ರೆ ಇನ್ನೂ ಚೆನ್ನಾಗಿ ಬರ್ತಿತ್ತು ಮಾವ. ಇದರಲ್ಲಿ ಬರ್ದಿದಾರೆ ನೋಡಿ."

ಅಚ್ಚಾದ ಕಾಗದ ಮತ್ತು ಓದಿದ ಸೊಸೆ, ಎರಡೂ ಒಂದೇ ಮಾತು ಹೇಳಿದರೆ ಆ ಮನುಷ್ಯ ಇನ್ನೇನು ಮಾಡಿಯಾರು? ದಾರ ಬಿಚ್ಚಿ ಇಪ್ಪತ್ತೈದಕ್ಕೆ ಕಟ್ಟಲು ಹೇಳಿದರು. ಕಟ್ಟಿದವಳು ನಾನೇ.

ಇದ್ದಿಲು ಎರಡು ಪಾಲು ಹೋಗತೊಡಗಿತು. ಮೂರನೇ ದಿನ ಅಕ್ಕ ಮೊಟ್ಟೆ ಹಾಳೆಯನ್ನು ಮುಖದ ಹತ್ತಿರ ಹಿಡಿದು ನೋಡಿದರು. ಕೆನ್ನೆಗೆ ಶಾಖ ತಾಗಿಸಿ ಹದ ತಿಳಿಯುವುದು ಅವರ ಅಭ್ಯಾಸ.

"ಅಮ್ಮಣ್ಣಿ, ಇದು ಜಾಸ್ತಿ ಆಯ್ತು ಕಣವ್ವ. ಕೆನ್ನೆಗೆ ಉರೀತೈತೆ. ಇಷ್ಟು ಬ್ಯಾಡ."

ನಾನು ಏನು ಮಾಡಿದೆ ಗೊತ್ತೆ? ಹೈಸ್ಕೂಲಿನಲ್ಲಿ ಮೇಷ್ಟ್ರು ಮಾಡಿ ತೋರಿಸಿದ್ದ ಪ್ರಯೋಗವನ್ನು ಅವರಿಗೆ ಮಾಡಿಸಿದೆ. ಮೂರು ಚೊಂಬು ತಂದೆ. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು, ನಡುವಿನದರಲ್ಲಿ ಉಗುರುಬೆಚ್ಚನೆಯದು. ಬಲಗೈ ಬೆರಳು ಬಿಸಿಯಲ್ಲಿ, ಎಡಗೈ ಬೆರಳು ತಣ್ಣಗಿನದರಲ್ಲಿ ಇಡಿಸಿ, ಆಮೇಲೆ ಎರಡನ್ನೂ ನಡುವಿನ ಚೊಂಬಿನಲ್ಲಿ ಅದ್ದಲು ಹೇಳಿದೆ. ಒಂದು ಕೈಗೆ ತಂಪು, ಒಂದು ಕೈಗೆ ಬಿಸಿ. "ನೋಡಿದ್ರಾ ಅಕ್ಕ, ಒಂದೇ ನೀರು. ಮೈ ಸುಳ್ಳು ಹೇಳುತ್ತೆ. ಕಡ್ಡಿ ಹೇಳಲ್ಲ."

ಅಕ್ಕ ಬೆರಳು ಒರೆಸಿಕೊಂಡು ನಕ್ಕರು. ಅಣಕದ ನಗುವಲ್ಲ. ಇಷ್ಟು ಚಿಕ್ಕ ಹುಡುಗಿಗೆ ಎಷ್ಟೆಲ್ಲ ಗೊತ್ತು ಎಂಬ ಮೆಚ್ಚುಗೆಯ ನಗು. ಹೋಗಿ ಅಗ್ಗಿಷ್ಟಿಕೆಗೆ ಇದ್ದಿಲು ಹಾಕಿದರು.

ಹತ್ತು ದಿನಕ್ಕೆ ಒಡೆಯಬೇಕಾದ ಮೊಟ್ಟೆ ಎಂಟಕ್ಕೇ ಅಲ್ಲೊಂದು ಇಲ್ಲೊಂದು ಒಡೆಯತೊಡಗಿತು. ಅರ್ಧಕ್ಕಿಂತ ಹೆಚ್ಚು ಒಡೆಯಲೇ ಇಲ್ಲ. ಗುಳಿ ಬಿದ್ದು ಒಣಗಿ ಹೋದವು. ಹುಟ್ಟಿದ ಹುಳಗಳೂ ಸೊಪ್ಪಿಗೆ ಬಾಯಿ ಹಾಕದೆ ತಲೆ ಎತ್ತಿಕೊಂಡು ಕೂತವು. ಹುಳ ಮೇಯುವುದು ಬಿಟ್ಟು ಪೊರೆ ಬಿಡುವ ಸಮಯಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಒಟ್ಟು ನಾಲ್ಕು ಜ್ವರ ದಾಟಿದರೆ ಗೂಡು. ನಮ್ಮವು ಎರಡನೇ ಜ್ವರವನ್ನೂ ದಾಟಲಿಲ್ಲ. ಮೆತ್ತಗಾಗಿ, ಕಪ್ಪಾಗಿ, ವಾಸನೆ ಬಂತು. ಮಾವ ತಟ್ಟೆ ತಟ್ಟೆಯೇ ತಿಪ್ಪೆಗೆ ಸುರಿದರು. 

ಅತ್ತೆ ಅಷ್ಟಕ್ಕೆ ಬಿಡಲಿಲ್ಲ. ಅವತ್ತು ಮಧ್ಯಾಹ್ನ ನಡುಮನೆಯಲ್ಲಿ ನಮ್ಮಿಬ್ಬರನ್ನೂ ನಿಲ್ಲಿಸಿದರು. ನಾನು ಹೊರಗಾಗಿದ್ದು ಮೊಟ್ಟೆ ಹಾಳೆ ತರುವುದಕ್ಕೂ ಮುಂಚೆ, ತವರಲ್ಲಿದ್ದಾಗ. ಹಾಗಾಗಿ ನನ್ನ ಲೆಕ್ಕ ಬೇಗ ಮುಗಿಯಿತು. ಆಮೇಲೆ ಮಗಳ ಕಡೆ ತಿರುಗಿದರು.

"ನೀನು ತಲೆಗೆ ನೀರಾಕ್ಕೊಂಡಿದ್ದು ಯಾವತ್ತು? ನಾಕನೇ ದಿನ ತಾನೇ? ನಿಜ ಹೇಳು."

 ಅಕ್ಕ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ನೆಲ ನೋಡಿಕೊಂಡು ಹೇಳಿದರು: "ಒಂದಿನ ಮುಂಚೇನೇ ಒಳಕ್ ಓಗ್ಬಿಟ್ಟೆ ಕಣವ್ವ. ಇದ್ದಿಲು ಆರೋಗ್ತದೆ ಅಂತ ಓದೆ. ನಂದೇ ತೆಪ್ಪು."

ಅತ್ತೆ ಕೈ ಚಾಚಿದರು. ಅಕ್ಕ ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟರು. ಇನ್ನು ಮೇಲೆ ಅವರು ತೋಟದಲ್ಲಿ ಸೊಪ್ಪು ಕೊಯ್ದು ತಂದು ಹುಳದ ಮನೆಯ ಬಾಗಿಲಲ್ಲಿ ಇಡಬೇಕು, ಒಳಗೆ ಬರಬಾರದು. ಬೀಗದ ಕೈ ಅತ್ತೆಯಿಂದ ನನ್ನ ಸೊಂಟಕ್ಕೆ ಬಂತು.

ಮುಟ್ಟಿನಿಂದ ಹುಳ ಸಾಯುತ್ತದೆ ಎಂದು ನಾನು ನಂಬಿದ್ದೆನೆ? ಇಲ್ಲ. ಒಂದು ಕ್ಷಣವೂ ನಂಬಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಮೊಟ್ಟೆಗೆ ಏನೋ ರೋಗ ಇದ್ದಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೇರೆಯವರ ಮೂಢನಂಬಿಕೆ ಕಂಡು ನಗುತ್ತಿದ್ದವಳಿಗೆ ಅವತ್ತು ಅದು ಅನುಕೂಲವಾಗಿ ಬಂತು. ಕೆಂಪು ದಾರದ ಬಗ್ಗೆ ಯಾರೂ ಕೇಳಲಿಲ್ಲವಲ್ಲ ಎಂದು ಎದೆ ಹಗುರಾಯಿತು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಮುಂದಿನ ಬೆಳೆ ಬೇಸಿಗೆಯಲ್ಲಿ. ಆಗ ಅಗ್ಗಿಷ್ಟಿಕೆಯೇ ಬೇಡ. ಕೋಣೆಯ ಶಾಖ ತಾನಾಗಿಯೇ ಸರಿಯಾಗಿತ್ತು, ಹುಳ ಚೆನ್ನಾಗಿ ಬಂದು ಗೂಡು ಗಟ್ಟಿಯಾಯಿತು. "ನೋಡಿದ್ರಾ? ಅವ್ಳು ಒಳಕ್ ಬರ್ಲಿಲ್ಲ, ಬೆಳೆ ಬಂತು" ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ಅಕ್ಕ ಬಾಗಿಲಲ್ಲಿ ಸೊಪ್ಪಿನ ಹೊರೆ ಇಳಿಸಿ, ಅದನ್ನು ಕೇಳಿಯೂ ಕೇಳದವರಂತೆ ತೋಟಕ್ಕೆ ಹೋದರು. ಒಮ್ಮೊಮ್ಮೆ ಹೊರೆ ಇಳಿಸಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿದ್ದರು. ಹುಳ ಸೊಪ್ಪು ತಿನ್ನುವಾಗ ಮಳೆ ಹನಿದ ಹಾಗೆ ಸದ್ದು ಬರುತ್ತದೆ. ಅದನ್ನು ಕೇಳಿಕೊಂಡು ನಿಲ್ಲುತ್ತಿದ್ದರು.

ಜೂನಿನಲ್ಲಿ ನನಗೆ ಟ್ರೈನಿಂಗ್ ಸೀಟು ಸಿಕ್ಕಿತು. ಎರಡು ವರ್ಷದ ಕೋರ್ಸು. ಬೆಳಿಗ್ಗೆ ಯಲಹಂಕದಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿಯುತ್ತಿದ್ದೆ. ಆಗಸ್ಟಿನ ಒಂದು ದಿನ ವಿಜ್ಞಾನ ಬೋಧನೆಯ ಪಾಠ. ವಯಸ್ಸಾದ ಮೇಷ್ಟ್ರು ಬೋರ್ಡಿನ ಮೇಲೆ ಶಾಖದ ಸೂತ್ರ ಬರೆದರು. ಸಿ ಭಾಗಿಸು ಐದು, ಎಫ್ ಕಳೆ ಮೂವತ್ತೆರಡು ಭಾಗಿಸು ಒಂಬತ್ತು. ಇವೆರಡೂ ನನಗೆ ಬಾಯಿಪಾಠ. ಅವರು ಮತ್ತೊಂದು ಸಮ ಚಿಹ್ನೆ ಹಾಕಿ ಬರೆದರು: ಆರ್ ಭಾಗಿಸು ನಾಲ್ಕು.

"ಸಾರ್, ಆರ್ ಅಂದ್ರೆ ಏನು?"

"ರಿಯೋಮರ್ ಅಂತ ಹಳೇ ಅಳತೆ ಕಣಮ್ಮ. ಕುದಿಯೋ ನೀರಿಗೆ ಎಂಬತ್ತು. ಯೂರೋಪಿನಲ್ಲಿ ರೇಷ್ಮೆಯವರು, ಬೆಣ್ಣೆ ಗಿಣ್ಣಿನವರು ಬಳಸ್ತಿದ್ರು. ಪರೀಕ್ಷೆಗೆ ಬರಲ್ಲ, ಬಿಟ್ಬಿಡಿ."

ಎಲ್ಲರೂ ಬಿಟ್ಟುಬಿಟ್ಟರು. ನಾನು ಮಾತ್ರ ಪುಸ್ತಕದ ಅಂಚಿನಲ್ಲಿ ಲೆಕ್ಕ ಹಾಕಿದೆ. ಇಪ್ಪತ್ತೈದು ರಿಯೋಮರ್ ಎಂದರೆ ಮೂವತ್ತೊಂದೂ ಕಾಲು ಸೆಂಟಿಗ್ರೇಡ್. ಫ್ಯಾರನ್‌ಹೀಟಿನಲ್ಲಿ ಎಂಬತ್ತೆಂಟೂ ಕಾಲು. ಹಳೆಯ ದಾರ ಕಟ್ಟಿದ್ದ ಇಪ್ಪತ್ತು ಎಷ್ಟಾಗುತ್ತದೆ ಎಂದು ಆಮೇಲೆ ಲೆಕ್ಕ ಹಾಕಿದೆ. ಸರಿಯಾಗಿ ಇಪ್ಪತ್ತೈದು ಸೆಂಟಿಗ್ರೇಡ್. ಕರಪತ್ರದಲ್ಲಿ ಅಚ್ಚಾಗಿದ್ದದ್ದೂ ಅದೇ. ಕರಪತ್ರವೂ ಸರಿ, ದಾರವೂ ಸರಿ, ಅಕ್ಕನ ಕೆನ್ನೆಯೂ ಸರಿ. ನಡುವೆ ಬಂದು ಕೆಡಿಸಿದವಳು ನಾನೊಬ್ಬಳೇ.

ಲೆಕ್ಕದ ಮೇಲೂ ಅನುಮಾನ ಪಡುವ ಆಸೆ ಇತ್ತು. ಮರುದಿನ ಮೇಷ್ಟ್ರನ್ನು ಬೇಡಿ ಒಂದು ಫ್ಯಾರನ್‌ಹೀಟ್ ಥರ್ಮಾಮೀಟರ್ ತಂದೆ. ಭಾನುವಾರ ಮನೆಯಲ್ಲಿ ಯಾರೂ ಇಲ್ಲದಾಗ ಬೋಗುಣಿಯಲ್ಲಿ ಬೆಚ್ಚನೆಯ ನೀರು ಹಾಕಿ ಅದನ್ನೂ ಕಡ್ಡಿಯನ್ನೂ ಅದ್ದಿದೆ. ಥರ್ಮಾಮೀಟರ್ ಎಂಬತ್ತಾರು ತೋರಿಸಿತು. ಕಡ್ಡಿ ಇಪ್ಪತ್ತನಾಲ್ಕು. ಸೆಂಟಿಗ್ರೇಡ್ ಆಗಿದ್ದರೆ ಮೂವತ್ತು ತೋರಿಸಬೇಕಿತ್ತು. ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ನೆಟ್ಟಗೆ ತೋಟಕ್ಕೆ ಹೋದೆ. ಅಕ್ಕ ಹಿಪ್ಪುನೇರಳೆ ಸಾಲಿನಲ್ಲಿ ಬಗ್ಗಿ ಸೊಪ್ಪು ಕೊಯ್ಯುತ್ತಿದ್ದರು. ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತ್ತು. ದಾರದ ವಿಷಯ, ಮೂರನೇ ಅಳತೆಯ ವಿಷಯ, ಎಲ್ಲ ಹೇಳಿದೆ. "ಹುಳ ಸತ್ತಿದ್ದು ನಿಮ್ಮಿಂದ ಅಲ್ಲ ಅಕ್ಕ. ನನ್ನಿಂದ."

ಅವರು ಕುಡುಗೋಲು ಕೆಳಗಿಟ್ಟರು. "ಅಳತೆ ಗಿಳತೆ ನಂಗೊತ್ತಿಲ್ಲ. ಬಿಸಿ ಜಾಸ್ತಿ ಆಗಿ ಸತ್ತವು ಅಂತ ಅವತ್ತೇ ಗೊತ್ತಿತ್ತು."

"ಮತ್ತೆ ಯಾಕೆ ಸುಳ್ಳು ಒಪ್ಕೊಂಡ್ರಿ? ನೀವು ನಾಲ್ಕನೇ ದಿನಾನೇ ಅಲ್ವಾ ಹೋಗಿದ್ದು?"

"ಐದ್ನೇ ದಿನ ಓಗಿದ್ದೆ." ಸೆರಗಿನಲ್ಲಿ ಮುಖ ಒರೆಸಿಕೊಂಡರು. "ದಾರದ ಮಾತು ಎತ್ತಿದ್ರೆ ನಮ್ಮವ್ವ ಬಿಡ್ತಿದ್ಲಾ? ಪುಸ್ತಕ ಓದ್ದೋಳು ಮನೆ ಹಾಳು ಮಾಡುದ್ಲು ಅಂತ ನಿನ್ ಟ್ರೈನಿಂಗಿಗೆ ಕಲ್ಲು ಆಕೋಳು. ನಂಗೇನವ್ವ, ಉಳದ ಮನೆ ಓದ್ರೆ ತೋಟ ಐತೆ. ನಿಂಗೆ ಓದು ನಿಂತೋದ್ರೆ ಏನೈತೆ?"

 ಇವತ್ತೇ ಅತ್ತೆಗೆ ಹೇಳುತ್ತೇನೆ ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. "ಬ್ಯಾಡ. ಇನ್ನೂ ಸೇರಿ ಮೂರು ತಿಂಗಳಾಗಿಲ್ಲ, ಬಿಡಿಸ್ಬಿಡ್ತಾಳೆ. ಸರ್ಟಿಫಿಕೇಟು ಕೈಗೆ ಬರ್ಲಿ, ಆಮ್ಯಾಕೆ ಹೇಳುವಂತೆ."

ಅವರು ಕಾಯಲು ಹೇಳಿದ್ದು ನಿಜ. ಕಾಯುವುದು ನನಗೆ ಸುಲಭವಾಗಿತ್ತು ಎನ್ನುವುದೂ ನಿಜ. ಹಟ ಹಿಡಿದು ಹೇಳಬಹುದಿತ್ತು. ಮಾವನ ಕಿವಿಗಾದರೂ ಹಾಕಬಹುದಿತ್ತು. ಹೇಳಲಿಲ್ಲ. ಸದ್ದಿಲ್ಲದೆ ದಾರವನ್ನು ಮತ್ತೆ ಇಪ್ಪತ್ತಕ್ಕೆ ಕಟ್ಟಿದೆ. ಮುಂದಿನ ಚಳಿಗಾಲದ ಬೆಳೆ ನನ್ನ ಕೈಯಲ್ಲಿ ಚೆನ್ನಾಗಿಯೇ ಬಂತು. ಹೊಗಳಿಕೆ ನನಗೆ ಬಂತು. ಊರ ಹೆಂಗಸರು ನನ್ನ ಕೈಯನ್ನು ಒಳ್ಳೆಯ ಕೈ ಎನ್ನತೊಡಗಿದರು.

ಆ ದಿನಗಳಲ್ಲಿ ನನಗೊಂದು ಹುಚ್ಚು ಹಿಡಿಯಿತು. ಟ್ರೈನಿಂಗ್ ಶಾಲೆಯ ಕಪಾಟಿನಲ್ಲಿದ್ದ ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ತೆಗೆದು, ಮೂಲೆ ಸೇರಿದ ಅಳತೆಗಳನ್ನೆಲ್ಲ ಹುಡುಕತೊಡಗಿದೆ. ಕುದಿಯುವ ನೀರಿಗೆ ಮೂವತ್ತಮೂರು ಎನ್ನುವುದೊಂದು. ಇನ್ನೊಂದು ತಲೆಕೆಳಗು. ಅದರಲ್ಲಿ ಕುದಿಯುವ ನೀರೇ ಸೊನ್ನೆ, ತಣ್ಣಗಾದಂತೆಲ್ಲ ಅಂಕಿ ಏರಿ ಹೆಪ್ಪುಗಟ್ಟುವಲ್ಲಿ ನೂರೈವತ್ತು. ಅದರ ಪ್ರಕಾರ ಮೊಟ್ಟೆಗೆ ಬೇಕಿದ್ದದ್ದು ನೂರಹನ್ನೆರಡೂವರೆ, ನಾನು ಕೊಟ್ಟದ್ದು ನೂರಮೂರು. ರೈಲಿನಲ್ಲಿ ಕೂತು ನೋಟ್‌ಬುಕ್ಕಿನ ಪುಟಗಟ್ಟಲೆ ಇದೇ ಲೆಕ್ಕ. ಒಂದೇ ಬಿಸಿಯನ್ನು ಎಷ್ಟು ಹೆಸರಿನಿಂದ ಬರೆದರೂ ಅದು ಸುಡುವುದು ಅಷ್ಟೇ. ಅಷ್ಟು ಸಾಲದೆಂದು ಮತ್ತೆ ಬರೆಯುತ್ತಿದ್ದೆ. ಜೊತೆಯವರು ನನ್ನನ್ನು ಗಣಿತದ ಹುಚ್ಚಿ ಎಂದು ಛೇಡಿಸುತ್ತಿದ್ದರು. ಮಾಡಬೇಕಾದ ಕೆಲಸ ಒಂದು ವಾಕ್ಯದ್ದು, ಅದನ್ನು ತಪ್ಪಿಸಲು ಇಷ್ಟೆಲ್ಲ ಎಂದು ಅವರಿಗೇನು ಗೊತ್ತು.

ಎರಡನೇ ವರ್ಷದ ಮೇ ತಿಂಗಳಲ್ಲಿ ಫಲಿತಾಂಶ ಬಂತು, ಪಾಸಾದೆ. ಸರ್ಟಿಫಿಕೇಟನ್ನು ಮಾವನ ಕೈಗೆ ಕೊಟ್ಟು ನಮಸ್ಕಾರ ಮಾಡಿದೆ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಬೋಗುಣಿ ಇಟ್ಟು, ಕಡ್ಡಿಯನ್ನೂ ಸಾಲ ತಂದ ಥರ್ಮಾಮೀಟರನ್ನೂ ನೀರಿನಲ್ಲಿ ಅದ್ದಿ, ಮನೆಯವರನ್ನೆಲ್ಲ ಕರೆದೆ. ಎರಡರ ಅಂಕಿ ಬೇರೆ ಬೇರೆ ಇರುವುದನ್ನು ತೋರಿಸಿದೆ. ದಾರ ಸರಿಸಿದವಳು ನಾನು, ಮೊಟ್ಟೆ ಸುಟ್ಟವಳು ನಾನು, ಅಕ್ಕನದೇನೂ ತಪ್ಪಿಲ್ಲ ಎಂದೆ.

ಮಾವ ತಲೆ ತಗ್ಗಿಸಿ ಕೂತುಬಿಟ್ಟರು. "ದಾರ ಸರ್ಸು ಅಂದೋನು ನಾನೇ ಅಲ್ವೇನವ್ವ" ಎಂದರು. ಅತ್ತೆ ಬೋಗುಣಿಯನ್ನು ನೋಡಲೇ ಇಲ್ಲ, ಮಗಳನ್ನೇ ನೋಡುತ್ತಿದ್ದರು.

"ಮತ್ತೆ ಒಂದಿನ ಮುಂಚೆ ಒಳಕ್ ಓದೆ ಅಂದಲ್ಲೇ?"

"ಇಲ್ಲ ಕಣವ್ವ. ಸುಮ್ಕೆ ಅಂದೆ."

ಅತ್ತೆಯ ಕಣ್ಣು ತುಂಬಿತು. ಗಟ್ಟಿ ಹೆಂಗಸು, ಅವರು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ನಿಂಗೆ ಇದು ಯಾವತ್ತು ಗೊತ್ತಾಯ್ತು?"

ಇಂಥದೊಂದು ಪ್ರಶ್ನೆ ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಬಾಯಿ ತೆರೆದೆ. ಆದರೆ ನನಗಿಂತ ಮುಂಚೆ ಅಕ್ಕ ಹೇಳಿಬಿಟ್ಟರು.

"ನಿನ್ನೆ ಕಣವ್ವ. ಕೊನೇ ದಿನ ಅವರ ಮೇಷ್ಟ್ರು ಹೇಳ್ಕೊಟ್ರಂತೆ. ಪಾಪ, ಗೊತ್ತಾದ್ ಮ್ಯಾಕೆ ಒಂದಿನಾನೂ ತಡೀಲಿಲ್ಲ ನೋಡು, ಓಡ್ಬಂದು ಹೇಳ್ತಾವ್ಳೆ."

ಅತ್ತೆ ನನ್ನ ತಲೆ ಸವರಿದರು. ನಿನ್ನದು ಒಳ್ಳೆಯ ಮನಸ್ಸು ಎಂದರು. ನನ್ನ ಸೊಂಟದಿಂದ ಬೀಗದ ಕೈಯನ್ನು ತಾವೇ ಬಿಚ್ಚಿ ಮಗಳ ಕೈಯಲ್ಲಿಟ್ಟರು. ಅಕ್ಕ ಸ್ನಾನಕ್ಕೆ ನೀರು ಕಾಯಿಸಲು ಎದ್ದು ಹೋದರು. ನಾನು ಬೋಗುಣಿಯ ಪಕ್ಕದಲ್ಲಿ ನಿಂತೇ ಇದ್ದೆ, ಅವರು ಹೇಳಿದ್ದನ್ನು ತಿದ್ದಲಿಲ್ಲ.

ಅಕ್ಕ ಆ ಮೇಲೆ ತೋಟ ಬಡಾವಣೆಗೆ ಹೋಗುವ ತನಕ ಹುಳ ಸಾಕಿದರು. ನಾನು ಶಾಲೆಗೆ ಸೇರಿ ಸಾವಿರಾರು ಮಕ್ಕಳಿಗೆ ಸೆಂಟಿಗ್ರೇಡನ್ನು ಫ್ಯಾರನ್‌ಹೀಟಿಗೆ, ಅದನ್ನು ರಿಯೋಮರಿಗೆ ಬದಲಿಸುವುದನ್ನು ಕಲಿಸಿದೆ. ಪರೀಕ್ಷೆಗೆ ಬರುವುದಿಲ್ಲ ಎಂದು ಯಾರಾದರೂ ಗೊಣಗಿದರೆ ವಿಪರೀತ ಸಿಟ್ಟು ಬರುತ್ತಿತ್ತು. ಈಗ ಅತ್ತೆ ಇಲ್ಲ, ಮಾವ ಇಲ್ಲ, ಅಕ್ಕನೂ ಇಲ್ಲ. ಉತ್ತರ ಕೇಳಿದವರು ಯಾರೂ ಉಳಿದಿಲ್ಲ. ಆದರೂ ಹೇಳುತ್ತೇನೆ ಅತ್ತೆ, ನನಗೆ ಗೊತ್ತಾದದ್ದು ನಿನ್ನೆಯಲ್ಲ. ಇಪ್ಪತ್ತೊಂದು ತಿಂಗಳ ಹಿಂದೆ.